ಅಡುಗೆಮನೆ, ವಸ್ತುಸಂಗ್ರಹಾಲಯಗಳಲ್ಲಿ

ಬಳಕೆಯಲ್ಲಿದ್ದ ಅಡುಗೆಮನೆಯೊಂದನ್ನು ಅದರ ಒಲೆ, ಪಾತ್ರೆಪರಡಿ, ಕಪಾಟುಗಳ ಮೂಲ ಜೋಡಣೆಯೊಂದಿಗೆ ಉಳಿಸಿ, ಸಾರ್ವಜನಿಕರ ವೀಕ್ಷಣೆಗೆ ಇಡುವ ಪದ್ಧತಿ. ಇದರಲ್ಲಿ ಎರಡು ಬಗೆಗಳಿವೆ. ಹೆಸರಾಂತ ಅಡುಗೆಯವರ ಕಾರ್ಯಸ್ಥಳವೆಂದು ಉಳಿಸಿದ್ದು ಒಂದು. ಒಂದು ಮನೆತನದ ಅಥವಾ ಪ್ರದೇಶದ ಬದುಕಿನ ಅಂಗವೆಂದು ಉಳಿಸಿದ್ದು ಇನ್ನೊಂದು. ಮೊದಲನೆಯದಕ್ಕೆ ಅಮೆರಿಕದ ಜೂಲಿಯಾ ಚೈಲ್ಡ್ ಅವರ ಅಡುಗೆಮನೆ ಪ್ರಸಿದ್ಧ ನಿದರ್ಶನ. ಕರ್ನಾಟಕದಲ್ಲಿ ಮುಖ್ಯವಾಗಿ ಎರಡನೆಯ ಬಗೆ ಬೆಳೆದಿದ್ದು, ಮಲೆನಾಡಿನಲ್ಲಿ ಅದಕ್ಕೆ ಕವಿ ಕುವೆಂಪು ಅವರು ಬೆಳೆದ ಕುಪ್ಪಳಿಯ ಕವಿಮನೆ ಮಾದರಿಯಾಗಿದೆ.

ಹಿನ್ನೆಲೆ

ಕನ್ನಡದಲ್ಲಿ ಪಾಕವಿದ್ಯೆ ಉಳಿದುಬಂದದ್ದು ಮೊದಲು ಗ್ರಂಥಗಳ ಮೂಲಕ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಅಧ್ಯಾಯ ಮೀಸಲಾಗಿದ್ದರೆ, 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಪೂರ್ಣವಾಗಿ ಪಾಕಗ್ರಂಥವೇ ಆಗಿದೆ. ಅಡುಗೆ ನಡೆದ ಸ್ಥಳವನ್ನೇ ಉಳಿಸಬೇಕೆಂಬ ವಿಚಾರ ಬಹಳ ಈಚಿನದು. ಫ್ರಾನ್ಸಿನ ಪಾಕಪ್ರವೀಣ ಆಗಸ್ಟ್ ಎಸ್ಕಾಫಿಯೆ ಹುಟ್ಟಿದ ವಿಲ್ನೆವ್-ಲೂಬೆಯ ಮನೆ 1966ರಲ್ಲಿ ಪಾಕಕಲೆಯ ಸಂಗ್ರಹಾಲಯವಾಯಿತು. ಅಲ್ಲಿ ಮುಖ್ಯವಾದದ್ದು ಜನ್ಮಸ್ಥಳವೇ ಹೊರತು ಅವನು ದುಡಿದ ಅಡುಗೆಮನೆಯಲ್ಲ.

ಜೂಲಿಯಾ ಚೈಲ್ಡ್ ಪ್ರಕರಣ

ಕೇಂಬ್ರಿಜ್ ನಗರದ ತಮ್ಮ ಮನೆಯನ್ನು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ತೆರಳುವಾಗ, 2001ರಲ್ಲಿ, ಪಾಕಲೇಖಕಿ ಹಾಗೂ ದೂರದರ್ಶನ ನಿರೂಪಕಿ ಜೂಲಿಯಾ ಚೈಲ್ಡ್ (1912–2004) ತಮ್ಮ ಅಡುಗೆಮನೆಯನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ದಾನವಾಗಿ ಕೊಟ್ಟರು. 2002ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ಅಮೆರಿಕನ್ ಇತಿಹಾಸ ಸಂಗ್ರಹಾಲಯದಲ್ಲಿ ಅದರ ಪ್ರದರ್ಶನ ಆರಂಭವಾಯಿತು. ಅಡುಗೆಮನೆ ಇದ್ದಂತೆಯೇ ಇಡಿಯಾಗಿ ಅಲ್ಲಿಗೆ ಬಂದಿತೆಂಬ ಸಾಮಾನ್ಯ ಹೇಳಿಕೆಗೆ ತಿದ್ದುಪಡಿ ಬೇಕು. ಗೋಡೆ ಮತ್ತು ನೆಲವನ್ನು ಸಂಗ್ರಹಾಲಯವೇ ಹೊಸದಾಗಿ ನಿರ್ಮಿಸಿತು. ತಾಮ್ರದ ಬಾಣಲೆಗಳು ಮೊದಲು ಕ್ಯಾಲಿಫೋರ್ನಿಯಾದ ಬೇರೊಂದು ಸಂಸ್ಥೆಗೆ ಹೋಗಿದ್ದು, ಅದು ಮುಚ್ಚಿದ ಬಳಿಕ 2009ರಲ್ಲಿ ಉಳಿದ ಸಾಮಾನುಗಳನ್ನು ಕೂಡಿಕೊಂಡವು. ಈ ಪ್ರದರ್ಶನದ ಮಹತ್ವವಿರುವುದು ವಸ್ತುಗಳು ಅಡುಗೆಯಾಕೆಯ ದೇಹವನ್ನೂ ಕೆಲಸದ ಕ್ರಮವನ್ನೂ ತೋರಿಸುವುದರಲ್ಲಿ. ಎತ್ತರದ ನಿಲುವಿನ ಆಕೆಗೆ ಬಗ್ಗುವ ಕಷ್ಟ ತಪ್ಪಲೆಂದು ಕೆಲಸದ ಕಟ್ಟೆಗಳನ್ನು ವಾಡಿಕೆಗಿಂತ ಎತ್ತರಿಸಲಾಗಿತ್ತು. ಪ್ರತಿ ಪಾತ್ರೆಯ ಜಾಗ ತಿಳಿಯಲೆಂದು ಅದನ್ನು ತೂಗುಹಾಕುವ ಹಲಗೆಯ ಮೇಲೆ ಪತಿ ಪಾಲ್ ಚೈಲ್ಡ್ ಅದರ ಬಾಹ್ಯರೇಖೆಯನ್ನು ಎಳೆದಿದ್ದರು.

ಕರ್ನಾಟಕದಲ್ಲಿ

ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಇವು ಅಡುಗೆಯ ಪರಿಕರಗಳನ್ನು ಜನಪದ ಬದುಕಿನ ಸಾಕ್ಷ್ಯಗಳಾಗಿ ಕೂಡಿಹಾಕಿದವು. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದ್ದರಿಂದ, ಮನೆಯ ಒಳವಿನ್ಯಾಸವನ್ನೂ ಅಧ್ಯಯನ ಮಾಡುವುದು ಸಾಧ್ಯವಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಶೃಂಗೇರಿಯ ಶಾರದಾ ಪೀಠದ ಪಾಕಶಾಲೆ ಯಾತ್ರಿಕರ ಅನ್ನದಾನಕ್ಕಾಗಿ ಇಂದಿಗೂ ದುಡಿಯುತ್ತಿರುವುದರಿಂದ ಅದು ಪ್ರದರ್ಶನದ ವಸ್ತುವಾಗದೆ ಜೀವಂತ ಪರಂಪರೆಯಾಗಿ ಮುಂದುವರಿದಿದೆ. 1924ರಲ್ಲಿ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಸ್ಥಾಪಿಸಿದ, ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಉಪಾಹಾರಗೃಹವು ಗ್ರಾಹಕರಿಗೆ ತನ್ನ ಅಡುಗೆಮನೆಯನ್ನು ತೆರೆದು ತೋರಿಸಿದ್ದು ಇಂಥ ದುಡಿಯುವ ಅಡುಗೆಮನೆಗೆ ಇನ್ನೊಂದು ನಿದರ್ಶನ.

ಹಿರೇಕೊಡಿಗೆ ಮತ್ತು ಕುಪ್ಪಳಿ

ಕುವೆಂಪು ಅವರ ಜನ್ಮಸ್ಥಳ ಕುಪ್ಪಳಿ ಎಂದು ಹಲವು ಬರಹಗಳಲ್ಲಿ ಕಾಣುವುದು ಸರಿಯಲ್ಲ. ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಿನಲ್ಲಿ. ಬೆಳೆದದ್ದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ, ತಂದೆ ವೆಂಕಟಪ್ಪಗೌಡರ ಮನೆಯಲ್ಲಿ. ಈ ಎರಡನೆಯ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಕವಿಮನೆ ಎಂಬ ಸಂಗ್ರಹಾಲಯವನ್ನಾಗಿಸಿದೆ. ಇದು ಮಲೆನಾಡಿನ ತೊಟ್ಟಿಮನೆ, ಅಂದರೆ ನಡುವಣ ತೆರೆದ ಅಂಗಳದ ಸುತ್ತ ಕಟ್ಟಿದ ಉಪ್ಪರಿಗೆಯ ಮನೆ. ಅಡುಗೆಮನೆ, ಬಾಣಂತಿ ಕೋಣೆ, ಬಚ್ಚಲುಮನೆಗಳು ಗೃಹೋಪಯೋಗಿ ವಸ್ತುಗಳೊಂದಿಗೆ ಇಲ್ಲಿ ಪ್ರದರ್ಶಿತವಾಗಿವೆ.

ಜನ್ಮಸ್ಥಳದ ಈ ಗೊಂದಲ ಬಗೆಹರಿಯುವುದು ಅಡುಗೆಯ ಇತಿಹಾಸಕ್ಕೂ ಅಗತ್ಯ. ಮನೆ, ಜಮೀನು ತಂದೆಯ ಕಡೆಯಿಂದ ಬಂದರೆ, ಕಡುಬು ಬೇಯಿಸುವ ಹದ, ಉಪ್ಪಿನಕಾಯಿಯ ಕ್ರಮ, ಬಾಣಂತಿಯ ಪಥ್ಯ ಇವು ಬಹುಮಟ್ಟಿಗೆ ಹೆಣ್ಣುಮಕ್ಕಳೊಂದಿಗೆ ತವರಿನಿಂದ ಗಂಡನ ಮನೆಗೆ ನಡೆದುಬರುವ ವಿದ್ಯೆಗಳು. ಆದ್ದರಿಂದ ಕುಪ್ಪಳಿಯ ಒಲೆಯ ಪರಂಪರೆಯನ್ನು ಅರಿಯಬಯಸುವವರು ಹಿರೇಕೊಡಿಗೆಯಂಥ ತವರೂರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳಲ್ಲಿ ಮಲೆನಾಡಿನ ಮನೆವಾರ್ತೆ ವಿವರವಾಗಿ ಚಿತ್ರಿತವಾಗಿರುವುದರಿಂದ, ಪ್ರದರ್ಶನದ ಮೂಕ ವಸ್ತುಗಳಿಗೆ ಅವು ಪೂರಕ ಸಾಮಗ್ರಿಯಾಗಬಲ್ಲವು.

ವಿಮರ್ಶೆ

ಎರಡು ಬಗೆಗಳ ನಡುವಿನ ಮುಖ್ಯ ಭೇದ ಹೆಸರಿನದು. ಚೈಲ್ಡ್ ಅವರ ಅಡುಗೆಮನೆ ಅಡುಗೆ ಮಾಡಿದಾಕೆಯ ಹೆಸರಿನಲ್ಲಿ ನಿಂತಿದ್ದರೆ, ಕವಿಮನೆಯ ಅಡುಗೆಮನೆ ಉಳಿದದ್ದು ಅಲ್ಲಿ ಉಂಡು ಬೆಳೆದ ಕವಿಯ ಕೀರ್ತಿಯಿಂದ. ಜಾನಪದ ಸಂಗ್ರಹಗಳಲ್ಲಿ ವಸ್ತುವನ್ನು ಗುರುತಿಸುವುದು ಹೆಚ್ಚಾಗಿ ಊರು ಮತ್ತು ಉಪಯೋಗದಿಂದ. ಮರಿಗೆ (ಮರದಲ್ಲಿ ಕೊರೆದ ತೊಟ್ಟಿಯಂಥ ಪಾತ್ರೆ), ಈಳಿಗೆಮಣೆ (ನೆಲದ ಮೇಲೆ ಕೂತು ತರಕಾರಿ ಹೆಚ್ಚುವ ಸಾಧನ), ಕಡಗೋಲುಗಳನ್ನು ಸಂಗ್ರಹಿಸುವಷ್ಟೇ ಆಸ್ಥೆಯಿಂದ, ಅವುಗಳನ್ನು ಹಿಡಿದ ಕೈ ಯಾರದು, ಅವರ ತವರು ಯಾವುದು, ಯಾವ ಕಾಲಕ್ಕೆ ಏನು ಬೇಯುತ್ತಿತ್ತು ಎಂಬುದನ್ನೂ ದಾಖಲಿಸಿದಾಗ ಮಾತ್ರ ಅಡುಗೆಮನೆಯ ಪ್ರದರ್ಶನ ಪೂರ್ಣ ಚರಿತ್ರೆಯಾಗುತ್ತದೆ. ಪಾತ್ರೆಗಳು ಶತಮಾನ ಬಾಳಬಲ್ಲವು. ಅವುಗಳ ಬಳಕೆಯನ್ನು ಬಲ್ಲ ಹಿರಿಯರ ನೆನಪಿಗೆ ಅಷ್ಟು ಆಯುಷ್ಯವಿಲ್ಲದ ಕಾರಣ, ಮಲೆನಾಡಿನ ಮನೆಗಳಲ್ಲಿ ಮೊದಲು ಆಗಬೇಕಾದದ್ದು ಈ ಮೌಖಿಕ ದಾಖಲೆಯ ಕೆಲಸ.