ಜರ್ಮಾನಿಕ ‘ಸ್ನೈವಜ್’ ಶಬ್ದವೂ ಸಂಸ್ಕೃತದ ‘ಸ್ನೇಹ’ವೂ

ಇಂಗ್ಲಿಷಿನ ‘ಸ್ನೋ’, ಜರ್ಮನಿನ ‘ಷ್ನೇ’, ಐಸ್ಲೆಂಡಿನ ‘ಸ್ನ್ಯೋರ್’ ಎಂಬೀ ಹಿಮವಾಚಕಗಳು ಒಂದೇ ಮೂಲದವೆಂಬುದು ನಿರ್ವಿವಾದವಾದುದು. ಇವುಗಳ ಜನಕವಾದ ‘ಸ್ನೈವಜ್’ ಎಂಬ ಪ್ರಾಚೀನ ಜರ್ಮಾನಿಕ ರೂಪವು ಯಾವ ಲೇಖದಲ್ಲಿಯೂ ದೊರೆತುದಲ್ಲ. ದುಹಿತೃಭಾಷೆಗಳನ್ನು ಹೋಲಿಸಿ ಊಹಿಸಿದುದು. ಅದಕ್ಕೆ ಅತಿ ಸಮೀಪವಾದುದು ಗಾಥಿಕ್ ಭಾಷೆಯ ‘ಸ್ನೈವ್ಸ್’. ಕ್ರಿ. ಶ. 4ನೆಯ ಶತಮಾನದಲ್ಲಿ ವುಲ್ಫಿಲನು ಮಾಡಿದ ಬೈಬಲಿನ ಭಾಷಾಂತರದಲ್ಲಿ, ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದೊಳಗೆ, ಇದು ಬಿಳುಪಿಗೆ ಉಪಮಾನವಾಗಿ ಬಂದಿದೆ. ಮೂಲದ ‘ಐ’ಕಾರವು ಪ್ರಾಚೀನ ಇಂಗ್ಲಿಷಿನಲ್ಲಿ ‘ಆ’ಕಾರವಾಗಿ ‘ಸ್ನಾವ್’ ಎಂದಾಯಿತು. ಆ ‘ಆ’ಕಾರವೇ ಮುಂದೆ ‘ಓ’ಕಾರಕ್ಕೆ ತಿರುಗಿತು. ಶಿಲಾವಾಚಕವಾದ ‘ಸ್ತಾನ್’ ಎಂಬುದು ‘ಸ್ಟೋನ್’ ಆದುದೂ ಈ ಕ್ರಮದಿಂದಲೇ.

ಜರ್ಮಾನಿಕ ಶಾಖೆಯ ಹೊರಗೆ ಲಿಥುವೇನಿಯದ ‘ಸ್ನಿಯೆಗಸ್’, ರಷ್ಯದ ‘ಸ್ನೇಗ್’ ಎಂಬಿವು ಮೂಲದ ಕಂಠ್ಯವ್ಯಂಜನವನ್ನು ಉಳಿಸಿಕೊಂಡಿವೆ. ಲ್ಯಾಟಿನಿನ ‘ನಿಕ್ಸ್’, ಗ್ರೀಕಿನ ‘ನಿಫ’ ಎಂಬಿವುಗಳಲ್ಲಿ ಆದಿಯ ಸಕಾರವು ಲೋಪವಾಗಿದೆ. ಸ್ಪೇನಿನ ಸಿಯೆರಾ ನೆವಾಡ ಪರ್ವತದ ಹೆಸರು ಈ ಲ್ಯಾಟಿನ್ ಶಬ್ದದ ಸಂತತಿಯದೇ.

ಇನ್ನು ಸಂಸ್ಕೃತದ ‘ಸ್ನಿಹ್’ ಧಾತುವು ಈ ಕುಲಕ್ಕೆ ಸೇರಿದುದೇ ಎಂಬುದು ವಿಚಾರಾರ್ಹವಾಗಿದೆ. ಅಂಟು, ಜಿಡ್ಡು ಎಂಬ ಅರ್ಥಕ್ಕೂ ಹಿಮಕ್ಕೂ ಏನು ಸಂಬಂಧವೆಂದು ಶಂಕಿಸಿ ಇದನ್ನು ಬೇರೆ ಧಾತುವೆಂದೆಣಿಸುವವರುಂಟು. ಆದರೆ ಧ್ವನಿನಿಯಮವು ಸಂಬಂಧಕ್ಕೆ ಅನುಕೂಲವಾಗಿಯೇ ಇದೆ. ‘ದಹ್’ ಧಾತುವಿಗೆ ‘ದಗ್ಧ’ವಿರುವಂತೆ ‘ಸ್ನಿಹ್’ ಧಾತುವಿಗೆ ‘ಸ್ನಿಗ್ಧ’ವಿದೆ, ಸುಡುವುದೆಂಬ ಅರ್ಥದ ಲಿಥುವೇನಿಯದ ಧಾತು ‘ದೆಗ್’ ಎಂದಿರುವುದನ್ನು ನೋಡಿದರೆ, ‘ಸ್ನಿಹ್’ – ‘ಸ್ನಿಯೆಗಸ್’ ಜೋಡಿಯು ಅದೇ ನಿಯಮಕ್ಕೆ ಒಳಪಟ್ಟುದೆಂಬುದು ವಿದಿತವಾಗುತ್ತದೆ. ಇದಕ್ಕಿಂತಲೂ ಬಲವತ್ತರವಾದ ಸಾಕ್ಷ್ಯವು ಇರಾನಿನದು: ಅವೆಸ್ತಾದ ವೆಂದಿದಾದ್ ಗ್ರಂಥದ 2ನೆಯ ಪ್ರಕರಣದಲ್ಲಿ ಇದೇ ಧಾತುವು ಹಿಮ ಸುರಿಯುವುದೆಂಬ ಅರ್ಥದಲ್ಲಿಯೇ ಪ್ರಯುಕ್ತವಾಗಿದೆ. ಸೋದರಭಾಷೆಯಲ್ಲಿ ಉಳಿದ ಅರ್ಥವು ಸಂಸ್ಕೃತದಲ್ಲಿ ಮರೆಯಾಗಿ, ಒದ್ದೆಯಾಗಿ ಅಂಟುವ ಗುಣಮಾತ್ರ ನಿಂತು, ಅದರಿಂದ ಎಣ್ಣೆಯೂ ಪ್ರೀತಿಯೂ ವಾಚ್ಯವಾದುವೆಂದು ತರ್ಕಿಸುವುದು ಯುಕ್ತವಾಗಿದೆ. ಹಿಮಕ್ಕೆ ಸಂಸ್ಕೃತವು ಚಳಿಗಾಲದ ಧಾತುವಿನಿಂದ ಬಂದ ‘ಹಿಮ’ ಶಬ್ದವನ್ನು ಬಳಸಿತು. ಗ್ರೀಕಿನ ‘ಖೇಮ’, ಲ್ಯಾಟಿನಿನ ‘ಹಿಯೆಮ್ಸ್’ ಅದರ ಜ್ಞಾತಿಗಳು.

ಕನ್ನಡದ ‘ನೇಹ’ವು ಪ್ರಾಕೃತದ ದ್ವಾರಾ ‘ಸ್ನೇಹ’ದಿಂದ ಬಂದ ತದ್ಭವ. ಇಲ್ಲಿಯೂ ಸಕಾರವು ಲೋಪವಾಗಿದ್ದರೂ, ಅದು ಲ್ಯಾಟಿನಿನ ಲೋಪಕ್ಕೆ ಸಂಬಂಧಪಟ್ಟುದಲ್ಲ. ಸಾದೃಶ್ಯವನ್ನು ಸಂಬಂಧವೆಂದು ಭ್ರಮಿಸಲಾಗದು.

ಈ ಶಬ್ದದಿಂದ ಮೂಲಭಾಷಿಕರು ಹಿಮವನ್ನು ಬಲ್ಲವರಾಗಿದ್ದರೆಂದು ಸಿದ್ಧವಾಗುತ್ತದೆ. ಆದರೆ ಹಿಮ ಬೀಳುವ ಸೀಮೆಯು ಅತಿ ವಿಶಾಲವಾದುದರಿಂದ, ಇದೊಂದರಿಂದಲೇ ಅವರ ಮೂಲಸ್ಥಾನವನ್ನು ನಿರ್ಣಯಿಸುವುದು ಸಾಹಸವಾದೀತು.