ಕೋಟೆ ಸೋತಿತು, ಕೂಟ ಗೆದ್ದಿತು: ಏಷ್ಯಾದಲ್ಲಿ ಡೇನಿಶ್ ವ್ಯಾಪಾರಿಗಳು



ದೊಡ್ಡ ಕಾಮಗಾರಿ ನಡೀತಿರೋ ಕಡೆ 'ಎಲ್ ಆ್ಯಂಡ್ ಟಿ' ಅನ್ನೋ ಬೋರ್ಡ್ ನೀವು ನೋಡೇ ಇರ್ತೀರಿ. ಆ ಎರಡು ಅಕ್ಷರಗಳ ಹಿಂದೆ ಇರೋದು ಲಾರ್ಸನ್ ಮತ್ತು ಟೂಬ್ರೋ ಅನ್ನೋ ಇಬ್ಬರು ಎಂಜಿನಿಯರ್‌ಗಳು. ಇಬ್ಬರದೂ ಊರು ಡೆನ್ಮಾರ್ಕ್. ಗ್ರೀನ್‌ಲ್ಯಾಂಡ್ ಬಿಟ್ಟು ಲೆಕ್ಕ ಹಾಕಿದರೆ ಆ ದೇಶ ನಮ್ಮ ಕರ್ನಾಟಕದ ಕಾಲು ಭಾಗದಷ್ಟೂ ಇಲ್ಲ. ಜನಸಂಖ್ಯೆ ಈಗಲೂ ಸುಮಾರು 60 ಲಕ್ಷ. ಇಷ್ಟು ಪುಟ್ಟ ದೇಶದವರು ಮುಂಬೈ, ಬ್ಯಾಂಕಾಕ್, ಶಾಂಘೈವರೆಗೂ ಬೇರೂರಿದ್ದು ಹೇಗೆ? ಇವತ್ತು ಆ ಕಥೆ ಹೇಳ್ತೀನಿ.

ಮೊದಲು ಅವರೂ ಎಲ್ಲರ ದಾರಿಯನ್ನೇ ಹಿಡಿದರು. 1616ರಲ್ಲಿ ರಾಜ ನಾಲ್ಕನೇ ಕ್ರಿಸ್ಟಿಯನ್ ಡೇನಿಶ್ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಜೊತೆ ಒಪ್ಪಂದವಾಯಿತು. ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿ ಡ್ಯಾನ್ಸ್‌ಬೋರ್ಗ್ ಕೋಟೆ ಎದ್ದಿತು. ಆದರೆ ಬ್ರಿಟಿಷರ ಎದುರು ಹಡಗಿನಲ್ಲಾಗಲಿ ಸೈನ್ಯದಲ್ಲಾಗಲಿ ಇವರು ಸರಿಸಾಟಿ ಆಗಲೇ ಇಲ್ಲ. ಕೊನೆಗೆ 1845ರಲ್ಲಿ ತರಂಗಂಬಾಡಿಯನ್ನೂ ಬಂಗಾಳದ ಸೆರಾಂಪುರವನ್ನೂ ಬ್ರಿಟಿಷರಿಗೇ ಮಾರಿ ಕೈತೊಳೆದುಕೊಂಡರು. ಕೋಟೆಯ ಲೆಕ್ಕ ಅಲ್ಲಿಗೆ ಮುಗೀತು.

ನನಗೆ ಕುತೂಹಲ ಹುಟ್ಟಿಸೋದು ಇದರ ಮುಂದಿನ ಭಾಗ. ಸಾಮ್ರಾಜ್ಯ ಹೋದ ಮೇಲೆಯೇ ಡೇನಿಶ್ ವ್ಯಾಪಾರ ಏಷ್ಯಾದಲ್ಲಿ ಚಿಗುರಿತು. ಯಾಕೆ ಗೊತ್ತಾ? ಇವರನ್ನು ಕಂಡರೆ ಯಾರಿಗೂ ಭಯ ಇರಲಿಲ್ಲ.

ಸಯಾಮ್ ಅನ್ನೇ ತಗೊಳ್ಳಿ, ಅಂದರೆ ಇವತ್ತಿನ ಥಾಯ್ಲೆಂಡ್. ಒಂದು ಕಡೆ ಬರ್ಮಾ ಮತ್ತು ಮಲಯದಲ್ಲಿ ಬ್ರಿಟಿಷರು, ಇನ್ನೊಂದು ಕಡೆ ಇಂಡೋಚೀನಾದಲ್ಲಿ ಫ್ರೆಂಚರು. ನಡುವೆ ಸಿಕ್ಕಿಕೊಂಡಿದ್ದ ರಾಜ ಚುಲಾಲಾಂಗ್‌ಕಾರ್ನ್‌ಗೆ ಯುರೋಪಿನ ತಂತ್ರಜ್ಞಾನ ಬೇಕಿತ್ತು, ಅದರ ಹಿಂದೆ ಬರೋ ಫಿರಂಗಿ ಬೇಡವಾಗಿತ್ತು. ಡೇನರು ಸರಿಹೊಂದಿದರು. 1875ರಲ್ಲಿ ಬ್ಯಾಂಕಾಕ್‌ಗೆ ಬಂದಿಳಿದ ಆಂಡ್ರಿಯಾಸ್ ದು ಪ್ಲೆಸಿಸ್ ದ ರಿಶೆಲ್ಯೂ ಎಂಬ ಡೇನಿಶ್ ಯುವಕ ಮುಂದೆ ಸಯಾಮಿನ ನೌಕಾಪಡೆಗೇ ಮುಖ್ಯಸ್ಥನಾದ. 1893ರಲ್ಲಿ ಫ್ರೆಂಚ್ ಯುದ್ಧನೌಕೆಗಳು ಪಾಕ್‌ನಾಮ್ ಹತ್ತಿರ ನದಿಯೊಳಕ್ಕೆ ನುಗ್ಗಿದಾಗ ಸಯಾಮಿನ ಪರ ನಿಂತವರಲ್ಲಿ ಡೇನಿಶ್ ಅಧಿಕಾರಿಗಳೂ ಇದ್ದರು. ಫ್ರೆಂಚರನ್ನು ತಡೆಯೋಕೆ ಆಗಲಿಲ್ಲ, ಅದು ಬೇರೆ ಮಾತು. ಬ್ಯಾಂಕಾಕ್‌ನಿಂದ ಪಾಕ್‌ನಾಮ್‌ಗೆ ರೈಲು, ಬ್ಯಾಂಕಾಕ್ ಬೀದಿಗಳಿಗೆ ಟ್ರಾಮ್ ಮತ್ತು ವಿದ್ಯುತ್, ಈ ಎಲ್ಲದರಲ್ಲೂ ಡೇನರ ಕೈ ಇತ್ತು.

ಅದೇ ಊರಲ್ಲಿ ಇನ್ನೊಬ್ಬನಿದ್ದ, ಹಾನ್ಸ್ ನೀಲ್ಸ್ ಆಂಡರ್‌ಸನ್. ನಾಕ್ಸ್‌ಕೋ ಅನ್ನೋ ಪುಟ್ಟ ಪಟ್ಟಣದ ಹುಡುಗ. ಸಯಾಮಿನ ತೇಗವನ್ನು ಹಡಗಿಗೆ ತುಂಬಿ ಯುರೋಪಿಗೆ ಸಾಗಿಸಿದ, ವಾಪಸ್ ಬರುವಾಗ ಕಲ್ಲಿದ್ದಲು ತಂದ. ಎರಡೂ ಕಡೆ ಲಾಭ. 1897ರಲ್ಲಿ ಕೋಪನ್‌ಹೇಗನ್‌ನಲ್ಲಿ ಈಸ್ಟ್ ಏಷ್ಯಾಟಿಕ್ ಕಂಪನಿ ಕಟ್ಟಿದ. 1912ರಲ್ಲಿ ಆ ಕಂಪನಿಯ 'ಸೆಲಾಂಡಿಯಾ' ಹಡಗು ಕೋಪನ್‌ಹೇಗನ್‌ನಿಂದ ಬ್ಯಾಂಕಾಕ್‌ಗೆ ಹೊರಟಿತು. ಉಗಿ ಇಲ್ಲದೆ ಡೀಸೆಲ್ ಎಂಜಿನ್‌ನಲ್ಲಿ ಸಾಗರ ದಾಟಿದ ಮೊದಲ ದೊಡ್ಡ ಹಡಗುಗಳಲ್ಲಿ ಅದೂ ಒಂದು.

ಇಲ್ಲಿ ಒಂದು ಸಂಗತಿ ಗಮನಿಸಿ. ಇವರು ಯಾರೂ ಒಂಟಿಯಾಗಿ ಓಡಲಿಲ್ಲ. 1869ರಲ್ಲಿ ಶುರುವಾದ ಗ್ರೇಟ್ ನಾರ್ದರ್ನ್ ಎಂಬ ಡೇನಿಶ್ ಟೆಲಿಗ್ರಾಫ್ ಕಂಪನಿ ಎರಡೇ ವರ್ಷದಲ್ಲಿ ಶಾಂಘೈ, ಹಾಂಕಾಂಗ್, ನಾಗಸಾಕಿಗಳನ್ನು ತಂತಿಯಲ್ಲಿ ಬೆಸೆದಿತ್ತು. 1913ರಲ್ಲಿ ಸಯಾಮ್ ಸಿಮೆಂಟ್ ಕಂಪನಿ ಹುಟ್ಟಿದಾಗ ಅದನ್ನು ನಡೆಸೋಕೆ ಬಂದವರೂ ಡೇನರೇ. ಒಂದು ಊರಿನ ಪರಿಚಯ ಇನ್ನೊಂದು ಊರಲ್ಲಿ ಬಾಗಿಲು ತೆರೀತಿತ್ತು.

ಎಲ್ಲವೂ ಚೆಂದ ಅಂತ ನಾನು ಹೇಳಲ್ಲ. ಲಾಭದ ದೊಡ್ಡ ಪಾಲು ಹೋಗಿದ್ದು ಕೆಲವೇ ಕೈಗಳಿಗೆ. ಕೊಡಲಿ ಬಿದ್ದಿದ್ದು ಉತ್ತರ ಸಯಾಮಿನ ತೇಗದ ಕಾಡಿಗೆ. ಭಯ ಹುಟ್ಟಿಸದ ವ್ಯಾಪಾರಿ ಅಂದ ಮಾತ್ರಕ್ಕೆ ಧರ್ಮಾತ್ಮ ಅಂತ ಅರ್ಥ ಅಲ್ಲವಲ್ಲ.

ಈಗ ಲಾರ್ಸನ್, ಟೂಬ್ರೋ ಹತ್ತಿರ ಬರೋಣ. ಇಬ್ಬರೂ ಕೋಪನ್‌ಹೇಗನ್‌ನ ಸಿಮೆಂಟ್ ಯಂತ್ರಗಳ ಕಂಪನಿ ಎಫ್.ಎಲ್. ಸ್ಮಿಥ್ ಕಳಿಸಿದವರು. 1938ರಲ್ಲಿ ಮುಂಬೈಯಲ್ಲಿ ಸ್ವಂತ ಪಾಲುದಾರಿಕೆ ಶುರು ಮಾಡಿ, ಡೇನಿಶ್ ಡೇರಿ ಯಂತ್ರಗಳನ್ನು ತರಿಸಿ ಮಾರ್ತಿದ್ದರು. 1940ರ ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕ್‌ಗೆ ನುಗ್ಗಿತು. ಸರಕು ನಿಂತಿತು. ತವರೇ ಶತ್ರುವಿನ ವಶವಾದಾಗ ಪರದೇಶದಲ್ಲಿರೋ ವ್ಯಾಪಾರಿ ಯಾರ ಮುಖ ನೋಡಬೇಕು? ಇವರು ಇಲ್ಲೇ ಒಂದು ಸಣ್ಣ ವರ್ಕ್‌ಶಾಪ್ ಹಾಕಿ ಡೇರಿ ಯಂತ್ರಗಳನ್ನು ತಾವೇ ಮಾಡತೊಡಗಿದರು. ಹಡಗು ರಿಪೇರಿಗೂ ಇಳಿದರು. ಆ ಹೊತ್ತಲ್ಲಿ ಅವರನ್ನು ಕಾಪಾಡಿದ್ದು ಕೋಪನ್‌ಹೇಗನ್ ಅಲ್ಲ, ಈ ನೆಲದಲ್ಲಿ ಗಳಿಸಿದ್ದ ಸಂಬಂಧಗಳು ಮತ್ತು ಕೈಯಲ್ಲಿದ್ದ ಕಸುಬು.

ಇವತ್ತು ಇದೇ ಬುದ್ಧಿಗೆ ಒಂದು ಕಚೇರಿ, ಒಂದು ಸದಸ್ಯತ್ವ ಶುಲ್ಕ ಬಂದಿದೆ. ಅದೇ ವಾಣಿಜ್ಯ ಮಂಡಳಿ, ನಾವು ಚೇಂಬರ್ ಆಫ್ ಕಾಮರ್ಸ್ ಅಂತೀವಲ್ಲ, ಅದು. ಬ್ಯಾಂಕಾಕ್, ಸಿಂಗಪುರ, ಹಾಂಕಾಂಗ್, ಚೀನಾ ಎಲ್ಲ ಕಡೆ ಡೇನಿಶ್ ಕಂಪನಿಗಳ ಕೂಟಗಳಿವೆ. ವಿಯೆಟ್ನಾಂ, ಫಿಲಿಪ್ಪೀನ್ಸ್‌ಗಳಲ್ಲಿ ಸ್ವೀಡನ್, ನಾರ್ವೆ, ಫಿನ್ಲೆಂಡಿನವರ ಜೊತೆ ಸೇರಿ ನಾರ್ಡಿಕ್ ಚೇಂಬರ್ ನಡೆಸ್ತಾರೆ. ಲೆಕ್ಕ ಸರಳ: ಹತ್ತಾರು ಸದಸ್ಯರಿರೋ ಕೂಟದ ಮಾತನ್ನು ಒಂದು ಸರ್ಕಾರ ಕೇಳಿಸಿಕೊಳ್ಳದೇ ಹೋಗಬಹುದು, ನೂರಾರು ಕಂಪನಿ ಒಟ್ಟಿಗೆ ಬಂದರೆ ಕೂರಿಸಿ ಮಾತಾಡಿಸುತ್ತೆ. ಸುಂಕದ ನಿಯಮ ಬದಲಾದರೆ, ಪಕ್ಕದ ದೇಶದಲ್ಲಿ ನಂಬಿಕಸ್ತ ವಕೀಲ ಬೇಕಾದರೆ, ಅಲ್ಲಿನ ಕೂಟಕ್ಕೆ ಒಂದು ಫೋನ್ ಸಾಕು.

ತರಂಗಂಬಾಡಿಯ ಕೋಟೆ ಇವತ್ತು ಮ್ಯೂಸಿಯಂ. ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಬಹುದು. ಅದನ್ನು ಕಟ್ಟಿದವರ ದೇಶಕ್ಕೆ ಏಷ್ಯಾದಲ್ಲಿ ಒಂದಿಂಚು ನೆಲವೂ ಉಳಿದಿಲ್ಲ, ವ್ಯಾಪಾರ ಮಾತ್ರ ನಿಂತಿಲ್ಲ. ಸ್ಟಾರ್ಟಪ್ ಕಟ್ಟಿಕೊಂಡು ಹೊರದೇಶಕ್ಕೆ ಹೊರಟಿರೋ ನಮ್ಮ ಹುಡುಗ ಹುಡುಗಿಯರು ಈ ಪಾಠವನ್ನು ಬ್ಯಾಗಿಗೆ ಹಾಕ್ಕೊಂಡು ಹೋಗಲಿ ಅನ್ನೋದು ನನ್ನಾಸೆ.