ನಿಲ್ಲದ ಮುಳ್ಳು: ಹಳೆಯ ಕಾರಿನ ಮಾಪಕಗಳ ಕಥೆ

ಹಳೆಯ ಬ್ರಿಟಿಷ್ ಕಾರೊಂದರಲ್ಲಿ ಇಂಧನದ ಮುಳ್ಳು ಅರ್ಧದಲ್ಲಿದೆ ಎಂದುಕೊಳ್ಳಿ. ಸ್ವಲ್ಪ ಹೊತ್ತಿಗೆ ಅದು ಮುಕ್ಕಾಲಿಗೆ ಏರುತ್ತದೆ. ಟ್ಯಾಂಕಿಗೆ ಯಾರೂ ಪೆಟ್ರೋಲ್ ಹಾಕಿಲ್ಲ! ಎಂಜಿನ್ನಿನ ಉಷ್ಣತೆ ತೋರಿಸುವ ಮುಳ್ಳೂ ಜೊತೆಗೇ ಏರಿದೆ. ದೋಷ ಎಲ್ಲಿದೆ? ಇದನ್ನು ತಿಳಿಯಲು ಮಾಪಕಗಳ ಇತಿಹಾಸವನ್ನು ನೋಡಬೇಕು.

ಮೊದಲಿನ ಇಂಧನ ಮಾಪಕಗಳಲ್ಲಿ ಎರಡು ತಂತಿ ಸುರುಳಿಗಳಿದ್ದವು. ಅವುಗಳ ಕಾಂತಬಲಗಳ ಎಳೆದಾಟದಿಂದ ಕಬ್ಬಿಣದ ತುಣುಕೊಂದು ತಿರುಗಿ ಮುಳ್ಳನ್ನು ಸರಿಸುತ್ತಿತ್ತು. ಬ್ಯಾಟರಿಯ ವೋಲ್ಟೇಜ್ ಏರಿದರೆ ಎರಡೂ ಬಲಗಳು ಒಟ್ಟಿಗೇ ಏರುತ್ತಿದ್ದುದರಿಂದ ಮುಳ್ಳಿನ ಸ್ಥಾನ ಹೆಚ್ಚು ಬದಲಾಗುತ್ತಿರಲಿಲ್ಲ. ಆದರೆ ಮುಳ್ಳು ಬಲು ಚುರುಕು. ತಿರುವಿನಲ್ಲಿ ಪೆಟ್ರೋಲ್ ತುಳುಕಿದರೆ ಅದೂ ಕುಣಿಯುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ದ್ವಿಲೋಹ ಪಟ್ಟಿಯ ಉಷ್ಣ ಮಾಪಕ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದರೆ, ಬಿಸಿಯಾದಾಗ ಪಟ್ಟಿ ಬಾಗುತ್ತದೆ. ಜಾನ್ ಹ್ಯಾರಿಸನ್ 18ನೆಯ ಶತಮಾನದ ಮಧ್ಯಭಾಗದಲ್ಲಿ ತನ್ನ ಮೂರನೆಯ ಸಾಗರ ಗಡಿಯಾರಕ್ಕೆ ಹಿತ್ತಾಳೆ–ಉಕ್ಕಿನ ಇಂಥ ಪಟ್ಟಿಯನ್ನು ಬಳಸಿದ್ದ. ಇಸ್ತ್ರಿ ಪೆಟ್ಟಿಗೆಯಲ್ಲೂ ನೀವು ಇದನ್ನು ಕಾಣಬಹುದು. ಮಾಪಕದಲ್ಲಿ ಪಟ್ಟಿಗೆ ಸುತ್ತಿದ ತಂತಿ ಅದನ್ನು ಕಾಯಿಸುತ್ತದೆ. ಕಾಯಲು, ಆರಲು ಸಮಯ ಬೇಕಾದ್ದರಿಂದ ಮುಳ್ಳು ನಿಧಾನ, ತುಳುಕಾಟಕ್ಕೆ ಅಲುಗುವುದಿಲ್ಲ.

ಆದರೆ ಹೊಸ ತೊಡಕೊಂದು ಬಂತು. ಕಾಯುವಿಕೆ ವೋಲ್ಟೇಜನ್ನು ಅವಲಂಬಿಸಿದೆ. ನಿಂತ ಕಾರಿನಲ್ಲಿ ಸುಮಾರು 12 ವೋಲ್ಟ್, ಎಂಜಿನ್ ಓಡುವಾಗ ಸುಮಾರು 14. ಹೀಗಾಗಿ 10 ವೋಲ್ಟಿನ ವೋಲ್ಟೇಜ್ ಸ್ಟೆಬಿಲೈಜರ್ ಅಗತ್ಯವಾಯಿತು. ಅದರೊಳಗೂ ಒಂದು ದ್ವಿಲೋಹ ಪಟ್ಟಿ! ಪಟ್ಟಿ ಕಾದು ಬಾಗಿದಾಗ ಸಂಪರ್ಕ ಕಡಿಯುತ್ತದೆ, ಆರಿದಾಗ ಕೂಡುತ್ತದೆ. ಉಷ್ಣವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 10 ವೋಲ್ಟಿಗೆ ಸಮನಾದ ಉಷ್ಣ ಕೊಡಲು 12 ವೋಲ್ಟಿನಲ್ಲಿ ಸಂಪರ್ಕವು ಶೇಕಡಾ 69ರಷ್ಟು (100/144) ಕಾಲ ಕೂಡಿರಬೇಕು. 14ರಲ್ಲಿ ಶೇಕಡಾ 51 (100/196) ಸಾಕು. ಈ ಮಿಡಿತ ನಿಧಾನದ ಮುಳ್ಳಿಗೆ ತಿಳಿಯುವುದೇ ಇಲ್ಲ.

ಈಗ ನಮ್ಮ ಪ್ರಶ್ನೆಗೆ ಮರಳೋಣ. ಟ್ರಯಂಫ್ ಸ್ಪಿಟ್‌ಫೈರ್‌ನಂಥ (1962–80) ಕಾರಿನಲ್ಲಿ ಎರಡೂ ಮುಳ್ಳುಗಳು ಒಟ್ಟಿಗೆ ಅಲೆದಾಡಿದರೆ, ಅವೆರಡಕ್ಕೂ ಸಮಾನವಾದ ಸ್ಟೆಬಿಲೈಜರನ್ನೇ ಮೊದಲು ಶಂಕಿಸಬೇಕು. ಒಂದು ಮಾತ್ರ ಅಲೆದಾಡಿದರೆ ಆ ಮಾಪಕದ ತಂತಿಯನ್ನು, ಟ್ಯಾಂಕಿನ ಅಥವಾ ಎಂಜಿನ್ನಿನ ಸಂವೇದಕವನ್ನು ನೋಡಿ. ಎರಡೂ ಸದಾ ಹೆಚ್ಚು ತೋರಿಸುತ್ತಿದ್ದರೆ ಸ್ಟೆಬಿಲೈಜರ್ ಕಾರಿನ ಲೋಹದ ಮೈಗೆ ಸರಿಯಾಗಿ ತಗುಲಿಲ್ಲದಿರಬಹುದು. ಆಗ ಒಳಗಿನ ತಂತಿ ಕಾಯುವುದಿಲ್ಲ, ಸಂಪರ್ಕ ಕಡಿಯುವುದಿಲ್ಲ. ಬ್ಯಾಟರಿಯ ಪೂರ್ಣ ವೋಲ್ಟೇಜ್ ಮಾಪಕಕ್ಕೆ ಹೋಗುತ್ತದೆ. ಎಷ್ಟೋ ಸಲ ತುಕ್ಕು ಹಿಡಿದ ಒಂದು ಸ್ಕ್ರೂವನ್ನು ಉಜ್ಜಿ ಬಿಗಿ ಮಾಡಿದರೆ ಸಾಕು!

ಮಲ್ಟಿಮೀಟರ್ ಇಟ್ಟಾಗ ಓದು 0 ಮತ್ತು 12ರ ನಡುವೆ ಜಿಗಿದರೆ ಗಾಬರಿ ಬೇಡ. ಅದು ಸ್ಟೆಬಿಲೈಜರಿನ ಸಹಜ ಮಿಡಿತ. ಆದರೆ ಪರೀಕ್ಷೆಗೆಂದು ಮಾಪಕವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಬೇಡಿ, ಅದು ಸುಟ್ಟುಹೋದೀತು.

ಇಂದು ಹಲವರು ಸ್ಟೆಬಿಲೈಜರಿನ ಜಾಗದಲ್ಲಿ 7810 ಎಂಬ ಮೂರು ಕಾಲಿನ ಐಸಿ ಬಳಸುತ್ತಾರೆ. ಇದರಲ್ಲಿ ಎಚ್ಚರ ಬೇಕು. ಎಂಜಿಬಿ ಕಾರಿನಲ್ಲಿ 1967ರವರೆಗೆ ಬ್ಯಾಟರಿಯ ಧನ ಧ್ರುವವನ್ನು ಕಾರಿನ ಮೈಗೆ ಜೋಡಿಸುತ್ತಿದ್ದರು. ಅನಂತರ ಋಣ ಧ್ರುವವನ್ನು. ದ್ವಿಲೋಹ ಪಟ್ಟಿಗೆ ಎರಡೂ ಒಂದೇ, ಐಸಿಗೆ ಹಾಗಲ್ಲ. ಬದಲಿ ಭಾಗ ಕೊಳ್ಳುವ ಮೊದಲು ಹಳೆಯದು ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿಯುವುದು ಇದಕ್ಕಾಗಿಯೇ.